ತೂಬಿನ ಕಲ್ಲಿನಿಂದ ತೂಬಿನ ಕಲ್ಲಿಗೆ

ಸಂಸ್ಥಾನಗಳೆಲ್ಲ ಮುಂಬಯಿ ಪ್ರಾಂತದಲ್ಲಿ ಸೇರಿಹೋದ ಮರುವರ್ಷ, ದಸರೆಯ ಹೊತ್ತಿಗೆ ನನಗೆ ವಿಷಮಜ್ವರ ಬಂತು. ಬೆಟಗೇರಿಯ ನಮ್ಮ ಮನೆಯಲ್ಲಿ ಮೂರು ವಾರ ಮಲಗಿ ಎದ್ದಾಗ ಕಾಲುಗಳು ಯಾರದೋ ಅನ್ನಿಸುತ್ತಿದ್ದವು. ಹಿತ್ತಲ ಬಾವಿಯವರೆಗೆ ನಡೆದರೆ ಅದರ ಕಟ್ಟೆಯ ಮೇಲೆ ಕೂತು ಉಸಿರು ತೆಗೆದುಕೊಳ್ಳಬೇಕು. ಡಾಕ್ಟರರು ಬಂದು ನನ್ನ ಮೀನಖಂಡವನ್ನು ಒತ್ತಿ ನೋಡಿ, ಗಾಳಿ ಚೆನ್ನಾಗಿರುವ ಕಡೆ, ಏರಿಳಿತವಿಲ್ಲದ ಹಾದಿಯಲ್ಲಿ ದಿನಾಲೂ ಸ್ವಲ್ಪ ಸ್ವಲ್ಪ ಸೈಕಲ್ ತುಳಿಯಲಿ, ಆದರೆ ಬೆವರು ಬರಬಾರದು ಎಂದರು. ಬೆವರು ಬರದ ಹಾಗೆ ಸೈಕಲ್ ತುಳಿಯುವ ಊರು ಗದಗಿನ ಸುತ್ತ ಎಲ್ಲಿದೆ ಎಂದು ಅಪ್ಪ ನಕ್ಕರು. ಅವ್ವನಿಗೆ ತವರುಮನೆ ನೆನಪಾಯಿತು.

ಅವ್ವನ ತವರು ಶಿರಹಟ್ಟಿಯಿಂದ ಲಕ್ಷ್ಮೇಶ್ವರಕ್ಕೆ ಹೋಗುವ ರಸ್ತೆಯಿಂದ ಒಳಗೆ, ದೊಡ್ಡ ಕೆರೆಯೊಂದರ ಒಡ್ಡಿನ ಕೆಳಗಿರುವ ಊರು. ಅಲ್ಲಿ ಅವಳ ತಮ್ಮ, ನನ್ನ ಸೋದರಮಾವ, ಕೆರೆಯ ಕಾಲುವೆ ಕಾಯುವ ಕೆಲಸದಲ್ಲಿದ್ದ. ಅಪ್ಪನ ಹಳೆಯ ಸೈಕಲ್ಲನ್ನು ಮೋಟಾರಿನ ಮೇಲೆ ಹಗ್ಗ ಹಾಕಿ ಕಟ್ಟಿಸಿ ನನ್ನನ್ನು ಒಳಗೆ ಕೂರಿಸಿದರು. ಇಳಿಯುವಾಗ ನನಗೂ ಸೈಕಲ್ಲಿಗೂ ಧೂಳು ಒಂದೇ ಪ್ರಮಾಣದಲ್ಲಿ ಹತ್ತಿತ್ತು. ಮಾವ ಎತ್ತಿನ ಬಂಡಿ ತಂದಿದ್ದ. ಮೊದಲು ಸೈಕಲ್ಲನ್ನು ಇಳಿಸಿ ಬಂಡಿಯಲ್ಲಿ ಮಲಗಿಸಿದ, ಆಮೇಲೆ ನನ್ನನ್ನು.

ಮಾವನ ಕೆಲಸ ಹೇಳಲು ಸುಲಭ. ಕೆರೆಯ ದೊಡ್ಡ ತೂಬಿನಿಂದ ಹೊರಟ ಕಾಲುವೆ ಹೊಲಗಳ ನಡುವೆ ಬಳಸಿ ಬಳಸಿ ಕೊನೆಯ ಗೋದಿಯ ಹೊಲದ ತನಕ ಹೋಗುತ್ತದೆ. ಅದರುದ್ದಕ್ಕೂ ಅಲ್ಲಲ್ಲಿ ಸಣ್ಣ ತೂಬುಗಳು, ಒಟ್ಟು ಹನ್ನೊಂದು. ಒಂದೊಂದು ತೂಬಿನ ಬದಿಗೂ ಮೊಳಕಾಲೆತ್ತರದ ಕಡೆದ ಕಲ್ಲೊಂದು ನಿಂತಿದೆ. ಯಾರಿಗೆ ಯಾವ ಹೊತ್ತಿಗೆ ನೀರು ಎಂಬುದನ್ನು ನೋಡಿ ತೂಬು ಎತ್ತುವುದು, ಇಳಿಸುವುದು, ಏಡಿ ತೋಡಿದ ತೂತು ಕಂಡರೆ ಮಣ್ಣು ಜಡಿಯುವುದು. ಹೆಗಲ ಮೇಲೆ ಸಲಿಕೆ ಇಟ್ಟುಕೊಂಡು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನಡೆಯುತ್ತಿದ್ದ. ಸಂಸ್ಥಾನದ ಕಾಲದಲ್ಲಿ ಆ ಕಾಲುವೆಗೆ ಮೂವರಿದ್ದರು. ಒಬ್ಬ ತೀರಿಹೋಗಿ, ಇನ್ನೊಬ್ಬ ಮುಂಡರಗಿಯ ಕಡೆ ಮಗಳ ಮನೆಗೆ ಹೋದ ಮೇಲೆ ಮೂವರ ನಡಿಗೆಯೂ ಮಾವನ ಪಾಲಿಗೆ ಬಂದಿತ್ತು. ಒಡ್ಡಿನ ಬುಡದ ಹಂಚಿನ ಮನೆಯೂ ಆ ಕೆಲಸದ್ದೇ. ಕೆಲಸವಿದ್ದಷ್ಟು ದಿನ ಮನೆ.

ನೀರಿಗೆ ಏರು ಹತ್ತಲು ಬರುವುದಿಲ್ಲವಾದ್ದರಿಂದ ಅದರ ಪಕ್ಕದ ಕಾಲುದಾರಿಯೂ ಉದ್ದಕ್ಕೂ ಒಂದೇ ಸಮ ಇತ್ತು. ಎರೆಮಣ್ಣು ಒಣಗಿ, ಮೂವರ ಹೆಜ್ಜೆಗೆ ಎಷ್ಟೋ ವರ್ಷ ತುಳಿಸಿಕೊಂಡು ಕಲ್ಲಿನಂತೆ ಗಟ್ಟಿಯಾಗಿತ್ತು. ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಜಾಲಿಗಿಡ, ಮೂಡಲಲ್ಲಿ ದೂರಕ್ಕೆ ಕಪ್ಪತಗುಡ್ಡದ ನೀಲಿ ಗೆರೆ. ಮೊದಲ ದಿನ ಎರಡನೆಯ ತೂಬಿನ ತನಕ ತುಳಿದು, ಕಲ್ಲಿನ ಮೇಲೆ ಕೂತವನು ಹಿಂದಿರುಗಲಾರದೆ ಮಾವ ಸಂಜೆ ಸುತ್ತು ಮುಗಿಸಿ ಬರುವವರೆಗೆ ಅಲ್ಲೇ ಉಳಿದೆ. ದಿನಕ್ಕೊಂದು ಸಾಲು ಬರೆದಿಡುವ ಅಭ್ಯಾಸ ನನಗೆ ಶಾಲೆಯಿಂದಲೂ ಇತ್ತು. ಆ ಚಳಿಗಾಲದ ಸಾಲುಗಳೆಲ್ಲ ಒಂದೇ ತೆರ: ಎಷ್ಟನೆಯ ತೂಬು, ಎಷ್ಟು ಹಕ್ಕಿ, ಎಷ್ಟು ದಣಿವು. ಹಕ್ಕಿಯ ಲೆಕ್ಕವನ್ನು ವಾರದೊಳಗೆ ಬಿಟ್ಟೆ. ಅವು ಎಣಿಕೆಗೆ ನಿಲ್ಲುತ್ತಿರಲಿಲ್ಲ. ದಣಿವನ್ನು ಬರೆಯುವುದು ತಪ್ಪಲಿಲ್ಲ.

ಹಕ್ಕಿಯೆಂದರೆ ಹೆಬ್ಬಾತು. ಬೂದು ಮೈ, ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟಿ. ದೀಪಾವಳಿಯಾದ ಮೇಲೆ ಉತ್ತರದಿಂದ ಬಂದು, ಶಿವರಾತ್ರಿಯ ಬಿಸಿಲು ಏರುವ ಹೊತ್ತಿಗೆ ಹೋಗುತ್ತವೆ. ಇರುಳು ಹೊಲಗಳಲ್ಲಿ ಮೇದು ಹಗಲು ನೀರಿನ ಮೇಲೂ ಕಾಲುವೆಯ ದಂಡೆಯ ಮೇಲೂ ತಂಗುತ್ತವೆ. ಅವು ಇರುವಷ್ಟು ದಿನ ಆ ಕೆರೆಯ ಸುತ್ತ ಬಂದೂಕು ಹಾರಿಸಬಾರದು, ಹಲಗೆ ಬಾರಿಸಬಾರದು. ಎಳ್ಳಮಾವಾಸ್ಯೆಗೆ ಹೊಲಕ್ಕೆ ಎಡೆಯ ಚರಗ ಚೆಲ್ಲುವಾಗ ಉಳಿದ ಊರುಗಳಲ್ಲಿ ಹೊಲದ ತುಂಬ ಕೂಗುತ್ತಾರೆ. ಈ ಊರಿನ ಕೆರೆಬದಿಯ ಹೊಲದವರು ಮಾತ್ರ ಬಾಯೊಳಗೇ ಅಂದುಕೊಂಡು ಚೆಲ್ಲುತ್ತಿದ್ದರು. ಇನ್ನೊಂದು ಪದ್ಧತಿ: ಕಾಲುವೆಯ ಮೇಲೆ ನಡೆಯುವಾಗ ಹಕ್ಕಿಗಳು ಕತ್ತು ನೆಟ್ಟಗೆ ಮಾಡಿದರೆ ನಿಂತುಬಿಡಬೇಕು. ಅವು ಕತ್ತು ಇಳಿಸಿದ ಮೇಲೆ ಮುಂದಿನ ಹೆಜ್ಜೆ. ಮಾವ ನನ್ನ ಸೈಕಲ್ಲಿನ ಗಂಟೆಗೆ ಹಳೆಯ ರುಮಾಲಿನ ಚೂರು ಸುತ್ತಿ ಬಿಗಿಯಾಗಿ ಕಟ್ಟಿದ. ನನಗೆ ಪದ್ಧತಿ ಪಾಲಿಸಲು ಕಷ್ಟವಾಗಲಿಲ್ಲ. ನಿಲ್ಲಲು ನೆಪ ಸಿಕ್ಕರೆ ಸಾಕಾಗಿತ್ತು.

ಕಾರ್ತಿಕ ಮುಗಿಯುವ ಹೊತ್ತಿಗೆ ಹೊಸ ಓವರ್ಸಿಯರ್ ಸಾಹೇಬರಿಂದ ಮಾವನಿಗೆ ಹೇಳಿಕೆ ಬಂತು. ಈ ಕಾಲುವೆಗೆ ಇನ್ನು ಒಬ್ಬನೇ ಸಾಕು, ಆದರೆ ಆ ಒಬ್ಬನಿಗೆ ಸೈಕಲ್ ಬರಬೇಕು. ಸಂಕ್ರಾಂತಿಯಾದ ಮೇಲೆ ತಾವು ಶಿರಹಟ್ಟಿಯ ಬಂಗಲೆಗೆ ಬಂದಾಗ ಸೈಕಲ್ ತುಳಿದು ತೋರಿಸಿದರೆ ಕೆಲಸ ಕಾಯಂ. ಇಲ್ಲವಾದರೆ ಸೈಕಲ್ ಬರುವ ಬೇರೆ ಆಳನ್ನು ಕಳಿಸುತ್ತೇವೆ, ಮನೆ ಖಾಲಿ ಮಾಡಿ ಕೊಡತಕ್ಕದ್ದು.

ಆ ರಾತ್ರಿ ಮಾವ ರೊಟ್ಟಿಯನ್ನು ಮುರಿದು ಮುರಿದು ತಾಟಿನಲ್ಲೇ ಬಿಟ್ಟ. ಅತ್ತೆ ನನಗೆ ಅಂಬಲಿ ಹಾಕುತ್ತ, "ಕೂಸು ಇದ್ದಾಗ ಕಲೀಬೇಕಾದ್ದನ್ನ ಮೀಸಿ ಬೆಳ್ಳಗಾದ ಮ್ಯಾಲ ಕಲೀರಿ ಅಂದ್ರ ಹ್ಯಾಂಗ" ಅಂದಳು. ಮಾವ ನನ್ನ ಕಡೆ ನೋಡಿದ. ಅವನು ಕೇಳುವುದಕ್ಕೆ ಮೊದಲೇ ನನಗೆ ದಣಿವಾಯಿತು.

ಸೈಕಲ್ ಕಲಿಸುವ ರೀತಿ ಎಲ್ಲರಿಗೂ ಗೊತ್ತಿದ್ದದ್ದೇ. ಕಲಿಯುವವನು ಎಡಗಾಲನ್ನು ಪೆಡಲಿನ ಮೇಲಿಟ್ಟು ಕುಂಟುತ್ತ ಓಡಿ, ವೇಗ ಬಂದಾಗ ಬಲಗಾಲನ್ನು ಹಿಂದಿನಿಂದ ಎತ್ತಿ ಹಾಕಬೇಕು. ಕಲಿಸುವವನು ಹಿಂದಿನಿಂದ ಸೀಟು ಹಿಡಿದು ಜೊತೆಗೆ ಓಡಬೇಕು. ಮಾವನ ಬಲಮೊಳಕಾಲು ನಡೆದು ನಡೆದು ಬಿಗಿದಿತ್ತು, ಅಷ್ಟೆತ್ತರ ಏಳುತ್ತಿರಲಿಲ್ಲ. ನನಗೆ ಓಡುವುದಿರಲಿ, ಸೈಕಲ್ಲನ್ನು ನೆಟ್ಟಗೆ ಹಿಡಿದು ನಿಲ್ಲುವುದೇ ಹೆಚ್ಚಾಗಿತ್ತು. ಮೊದಲ ಮುಂಜಾನೆ ಇಬ್ಬರೂ ಸೈಕಲ್ ಸಮೇತ ಜಾಲಿಯ ಕಡೆಗೆ ಬಿದ್ದೆವು. ನೀರಿನ ಕಡೆಗೆ ಬೀಳಲಿಲ್ಲ ಎಂಬುದೇ ಸಮಾಧಾನ. ಮುಳ್ಳು ತೆಗೆಯುತ್ತ ಕೂತಾಗ ಹಾದಿ ಹೊಳೆಯಿತು. ತೂಬಿನ ಕಲ್ಲಿನ ಮೇಲೆ ಎಡಗಾಲಿಟ್ಟು ಏರಿ, ಸೈಕಲ್ಲನ್ನು ಅದಕ್ಕೆ ಒರಗಿಸಿ, ನಡುವಿನ ಡಂಡಿಯ ಆಚೆ ಬಲಗಾಲನ್ನು ನಿಧಾನವಾಗಿ ದಾಟಿಸಿ ಸೀಟಿನ ಮೇಲೆ ಕೂರುವುದು. ಕಲ್ಲನ್ನು ಒದ್ದು ಹೊರಡುವುದು. ಮುಂದಿನ ತೂಬಿನ ಕಲ್ಲು ಬಂದಾಗ ಅದರ ಮೇಲೆ ಕಾಲಿಟ್ಟು ನಿಲ್ಲುವುದು.

ಇದು ನಾವಿಬ್ಬರೂ ಎಣಿಸಿದ್ದಕ್ಕಿಂತ ಚೆನ್ನಾಗಿ ಹತ್ತಿತು. ಹದಿನೈದು ದಿನ ಕಳೆಯುವುದರೊಳಗೆ ಮಾವ ಒಂದನೆಯ ಕಲ್ಲಿನಿಂದ ಎರಡನೆಯ ಕಲ್ಲಿಗೆ ಬೀಳದೆ ಮುಟ್ಟಿದ. ಸಮತೋಲ ಅವನಿಗೆ ಕಾಲುವೆಯ ಅಂಚಿನ ಮೇಲೆ ನಡೆದೇ ಬಂದಿತ್ತು ಎಂದು ಕಾಣುತ್ತದೆ. ಅವನು ತುಳಿಯುವುದು ನಡೆಯುವಷ್ಟೇ ನಿಧಾನ. ಅಷ್ಟು ನಿಧಾನವಾಗಿ ನಾನು ತುಳಿದರೆ ಹ್ಯಾಂಡಲ್ ಅಲ್ಲಾಡುತ್ತಿತ್ತು, ಅವನದು ಅಲ್ಲಾಡುತ್ತಿರಲಿಲ್ಲ. ಧೋತರವನ್ನು ಮೊಳಕಾಲ ಮೇಲೆ ಕಟ್ಟಿ, ಸಲಿಕೆಯನ್ನು ಡಂಡಿಗೆ ಉದ್ದಕ್ಕೆ ಬಿಗಿದು, ಮುಂದಿನ ಕಲ್ಲಿನ ಮೇಲೆ ಕಣ್ಣಿಟ್ಟು ಹೋಗುತ್ತಿದ್ದ. ನಾನು ಹಿಂದಿನಿಂದ ನಡೆದು ಹೋಗುತ್ತಿದ್ದೆ, ಕಲ್ಲು ಸಿಕ್ಕಲ್ಲೆಲ್ಲ ಕೂರುತ್ತಿದ್ದೆ. ಕಲಿಸುವ ನೆಪದಲ್ಲಿ ನನಗೂ ನಡೆಯಲು ಬಂತು. ಬುತ್ತಿ ತಂದ ಅತ್ತೆ ಒಮ್ಮೆ ನೋಡಿ, "ನಿಮ್ಮ ಮಾವ ಲಗ್ನದಾಗೂ ಹಿಂಗ ಕುದುರಿ ಮ್ಯಾಲ ಕುಂತಿರಲಿಲ್ಲ ನೋಡು" ಅಂದಳು. ಮಾವನಿಗೆ ತಿರುಗಿ ಉತ್ತರ ಕೊಡಲು ಆಗಲಿಲ್ಲ. ಕಲ್ಲು ಇನ್ನೂ ದೂರವಿತ್ತು.

ಸೀಟಿನ ಮೇಲಿಂದ ಅವನ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ನಡುವೆ ಇಳಿಯಬೇಕಾಗಿ ಬಂದರೆ ಏನು ಮಾಡುತ್ತೀ ಎಂದು ನಾನು ಕೇಳಿದೆ.

"ನಡುವ ಯಾಕ ಇಳೀಬೇಕೋ ಅಳ್ಯಾ? ನೀರು ನಡುವ ಇಳೀತದೇನು?"

ನಾನು ಆ ಮಾತಿಗೆ ಒಪ್ಪಿದೆ. ಒಪ್ಪದೆ ಇಳಿಯುವುದನ್ನೂ ಕಲಿಸಬೇಕೆಂದರೆ ಸೀಟು ಹಿಡಿದು ಓಡಬೇಕಾಗಿತ್ತು.

ಇಳಿಯಲು ಬಾರದ್ದರಿಂದ ಮಾವನನ್ನು ಕಾಡಿದ್ದು ಹಕ್ಕಿಗಳು ಮಾತ್ರ. ಆರನೆಯ ಮತ್ತು ಏಳನೆಯ ತೂಬಿನ ನಡುವೆ ಕಾಲುವೆ ಕೆರೆಯ ಕೋಡಿ ನೀರು ನಿಲ್ಲುವ ಮಡುವಿಗೆ ಹತ್ತಿರ ಬರುತ್ತದೆ. ಹೆಬ್ಬಾತುಗಳು ಅಲ್ಲಿ ದಂಡೆಗೆ ಹತ್ತಿ ಬಿಸಿಲು ಕಾಯುತ್ತವೆ. ಅವು ಕತ್ತು ಎತ್ತಿದಾಗ ಮಾವ ನಿಲ್ಲಬೇಕು, ನಿಲ್ಲಲು ಕಲ್ಲಿಲ್ಲ. ಉಸಿರು ಹಿಡಿದು, ತಲೆ ತಗ್ಗಿಸಿ, ತಪ್ಪು ಮಾಡಿದವನ ಹಾಗೆ ಹಾದು ಹೋಗುತ್ತಿದ್ದ. ಒಂದು ದಿನ ಹಿಂಡೆಲ್ಲ ಒಮ್ಮೆಲೇ ಎದ್ದಿತು. ಹೊಲದಲ್ಲಿದ್ದ ಮುದುಕನೊಬ್ಬ ನೆಟ್ಟಗೆ ನಿಂತು ನೋಡಿದ. ಸಂಜೆ ಮಾವ ಸೈಕಲ್ ಮುಟ್ಟದೆ ನಡೆದೇ ಸುತ್ತು ಮುಗಿಸಿದ.

ಸಂಕ್ರಾಂತಿಯ ಎಳ್ಳು ಹಂಚಿ ಮೂರನೆಯ ದಿನ ಶಿರಹಟ್ಟಿಗೆ ಹೊರಟೆವು. ಕಾಲುವೆಯ ಮೊದಲ ಕಲ್ಲಿನಿಂದ ಶಿರಹಟ್ಟಿಯ ಬಂಗಲೆಗೆ ಒಂದು ಹರದಾರಿ, ಮೂರು ಮೈಲಿಯ ಹಾದಿ. ರಸ್ತೆಯಲ್ಲಿ ತೂಬಿನ ಕಲ್ಲಿಲ್ಲವಾದ್ದರಿಂದ ಮಾವ ಸೈಕಲ್ ತಳ್ಳಿಕೊಂಡು ನಡೆದ. ನಾನು ಅದರ ಇನ್ನೊಂದು ಬದಿಗೆ ಹ್ಯಾಂಡಲಿನ ಮೇಲೆ ಕೈಯಿಟ್ಟು ನಡೆದೆ. ಅರ್ಧ ಹಾದಿಗೆ ನಾನು ರಸ್ತೆಬದಿಗೆ ಕೂತುಬಿಟ್ಟೆ. ಮಾವ ನನ್ನನ್ನು ಹಿಂದಿನ ಕ್ಯಾರಿಯರಿನ ಮೇಲೆ ಕೂರಿಸಿಕೊಂಡು ತಳ್ಳಿದ. ಸೈಕಲ್ ಬರುತ್ತದೆಂದು ತೋರಿಸಲು ಹೊರಟವನು ಸೈಕಲ್ಲನ್ನೂ ಅದನ್ನು ಕಲಿಸಿದವನನ್ನೂ ತಳ್ಳಿಕೊಂಡು ಊರು ಸೇರಿದ.

ಓವರ್ಸಿಯರ್ ಸಾಹೇಬರು ಬಂಗಲೆಯ ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಧಾರವಾಡದ ಕಡೆಯವರು, ವಯಸ್ಸಾದವರು. ಸಂಸ್ಥಾನಗಳ ಕೆರೆ ಕಾಲುವೆಗಳೆಲ್ಲ ಒಮ್ಮೆಲೇ ಕೈಗೆ ಬಂದು ತಿರುಗಿ ತಿರುಗಿ ಸೋತಿದ್ದರೆಂದು ಮುಖ ಹೇಳುತ್ತಿತ್ತು. ಮಾವನನ್ನು ಮೇಲಿಂದ ಕೆಳಗೆ ನೋಡಿ, ಆ ಬೇವಿನ ಗಿಡ ಸುತ್ತಿ ಬಾ ಅಂದರು. ಮಾವ ಪಡಸಾಲೆಯ ಮೆಟ್ಟಿಲಿಗೆ ಸೈಕಲ್ ಒರಗಿಸಿ, ಮೆಟ್ಟಿಲ ಮೇಲೆ ಕಾಲಿಟ್ಟು, ಕೂತು, ಒದ್ದು ಹೊರಟ. ಬೇವಿನ ಗಿಡವನ್ನು ಸುತ್ತಿದ. ನಿಧಾನ, ನೆಟ್ಟಗೆ. ಸಾಹೇಬರ ತಲೆ ಸ್ವಲ್ಪ ಅಲ್ಲಾಡಿತು. ನನಗೆ ಮನೆ ಉಳಿಯಿತು ಅನ್ನಿಸಿತು.

ಅಷ್ಟರಲ್ಲಿ ಯಾವುದೋ ಹಳ್ಳಿಯಿಂದ ಅರ್ಜಿ ಹಿಡಿದ ಏಳೆಂಟು ಜನ ಬಂದು, ಚಪ್ಪಲಿ ಕಳಚಿ, ಆ ಮೆಟ್ಟಿಲುಗಳ ತುಂಬ ಕೂತುಬಿಟ್ಟರು.

ಸಾಹೇಬರು ಸಾಕು ಇಳಿ ಅಂದರು. ಮಾವ ಮೆಟ್ಟಿಲ ಕಡೆ ಬಂದ, ಕಾಲಿಡಲು ಜಾಗವಿಲ್ಲದ್ದು ಕಂಡ, "ಬಂದೆರಿ ಸಾಹೇಬ್ರ" ಅಂದು ಇನ್ನೊಂದು ಸುತ್ತು ಹೋದ. ಮತ್ತೆ ಬಂದ, "ಬಂದೆರಿ" ಅಂದ, ಮತ್ತೆ ಹೋದ. ಅರ್ಜಿಯವರು ಇದು ಏನೋ ನೋಡುವಂಥದ್ದು ಎಂದು ಇನ್ನಷ್ಟು ಭದ್ರವಾಗಿ ಕೂತರು. ಮೂರನೆಯ ಸುತ್ತಿಗೆ ಸಾಹೇಬರ ದನಿ ಏರಿತು. ನಾನು ಆ ಜನರನ್ನು ಏಳಿ ಏಳಿ ಎಂದೆ. ಜ್ವರದಿಂದ ಎದ್ದವನ ದನಿ ಅವರಿಗೆ ಕೇಳಿಸಲೂ ಇಲ್ಲ. ಬೇರೇನೂ ತೋಚದೆ ನಾನೇ ಅಂಗಳಕ್ಕೆ ಇಳಿದು, ಮಾವ ಬರುವ ಹಾದಿಯ ಬದಿಗೆ ಮೊಳಕಾಲೂರಿ ಬೆನ್ನು ಬಾಗಿಸಿ ಕೂತೆ. ತೂಬಿನ ಕಲ್ಲಿನಷ್ಟೇ ಎತ್ತರ.

"ಮಾವಾ, ಇಲ್ಲಿ ಕಾಲಿಡು."

ಗಾಲಿ ನನ್ನ ಕಿವಿಯ ಹತ್ತಿರಕ್ಕೆ ಬಂತು. ಕಾಲು ಬರಲಿಲ್ಲ.

"ಅಕ್ಕನ ಮಗನ ಮ್ಯಾಲ ಕಾಲಿಡ್ಲೇನೋ ಹುಚ್ಚಪ್ಪಾ" ಅನ್ನುತ್ತ ಮಾವ ಹಾದುಹೋದ.

ನಮ್ಮಲ್ಲಿ ಅಳಿಯನಿಗೆ ಕಾಲು ತಾಗಿದರೆ ಮುಟ್ಟಿ ನಮಸ್ಕಾರ ಮಾಡುತ್ತಾರೆ. ತಿಳಿದೂ ಕಾಲಿಡುವುದಂತೂ ಇಲ್ಲ. ಕೆಲಸ ಹೋದರೂ, ಮನೆ ಹೋದರೂ ಇಲ್ಲ. ನಾನು ತಲೆ ಎತ್ತಿದಾಗ ಮಾವ ಗೇಟು ದಾಟಿ ರಸ್ತೆ ಹಿಡಿದಿದ್ದ. ಅದೇ ನಿಧಾನದಲ್ಲಿ, ಬೆನ್ನು ನೆಟ್ಟಗೆ, ಊರ ಕಡೆಗೆ.

ಎಲ್ಲಿ ಹೋದ ಆತ ಎಂದು ಸಾಹೇಬರು ಕೇಳಿದರು. ಇಳಿಯಲು ಕಲ್ಲು ಬೇಕು, ಕಲ್ಲು ಇರುವುದು ಕಾಲುವೆಯ ಮೇಲೆ, ಅಲ್ಲಿಗೆ ಹೋಗಿದ್ದಾನೆ ಎಂದೆ. ಕಲಿತ ಬಗೆಯನ್ನೂ ಇದ್ದದ್ದು ಇದ್ದ ಹಾಗೆ ಹೇಳಿದೆ. ಅರ್ಜಿಯವರು ನಕ್ಕರು. ಸಾಹೇಬರು ನಗಲಿಲ್ಲ. ಕನ್ನಡಕ ತೆಗೆದು ಕಣ್ಣುಗಳನ್ನು ಒತ್ತಿಕೊಂಡರು. ಎರಡು ಕಲ್ಲಿನ ನಡುವೆ ಕಾಲುವೆ ಒಡೆದದ್ದು ಕಂಡರೆ ಅವನು ಏನು ಮಾಡುತ್ತಾನೆ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಅವನನ್ನೇ ಕೇಳಿಕೊಂಡು ಬಂದು ಹೇಳು, ಸಂಜೆಯ ತನಕ ಇಲ್ಲೇ ಇರುತ್ತೇನೆ ಅಂದರು.

ಆ ಒಂದು ಹರದಾರಿಯನ್ನು ಹೇಗೆ ನಡೆದೆನೋ ನೆನಪಿಲ್ಲ. ದಿನಚರಿಯಲ್ಲಿ ಅಂದಿನ ಸಾಲಿನಲ್ಲಿ ದಣಿವು ಎಂದಷ್ಟೇ ಇದೆ, ಎಷ್ಟು ಎಂಬುದಿಲ್ಲ. ರಸ್ತೆಬದಿಯ ಮರಗಳೆಲ್ಲ ಕೂರಲು ಕರೆಯುತ್ತಿದ್ದವು, ಕೂತಲ್ಲೆಲ್ಲ ಏಳುವುದು ಕಷ್ಟವಾಗುತ್ತಿತ್ತು. ಕಾಲುವೆಯ ಮೊದಲ ಕಲ್ಲಿನ ಮೇಲೆ ಮಾವ ಕೂತಿದ್ದ. ಸೈಕಲ್ ಪಕ್ಕದಲ್ಲಿ ಮಲಗಿತ್ತು. ಧೋತರದ ಅಂಚು ಚೈನಿಗೆ ಸಿಕ್ಕು ಹರಿದಿತ್ತು.

"ಮನಿ ಬಿಡು ಅಂದ್ರೇನು?" ಅಂದ.

ಇಲ್ಲವೆಂದು, ಸಾಹೇಬರ ಪ್ರಶ್ನೆಯನ್ನು ಹೇಳಿದೆ. ಮಾವ ಹರಿದ ಧೋತರದ ಅಂಚನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ಆಮೇಲೆ ಎದ್ದು, ಉತ್ತರ ತಾನೇ ಹೋಗಿ ಹೇಳಿ ಬರುತ್ತೇನೆ, ನೀನು ಇಲ್ಲೇ ಬಿದ್ದುಕೋ ಅಂದ. ಸೈಕಲ್ ಒಯ್ಯಿ ಎಂದೆ. ಒಯ್ದರೆ ಅಲ್ಲಿ ಮತ್ತೆ ಇಳಿಯುವುದು ಹೇಗೆ ಅಂದ. ಸೈಕಲ್ ಬರುತ್ತದೆಂದು ಒಪ್ಪಿಸಲು ನಡೆದೇ ಹೋದ.

ಹೊತ್ತು ಮುಳುಗುವಾಗ ತಿರುಗಿ ಬಂದ. ಬಂದವನು ಕಲ್ಲಿನ ಕೆಳಗೆ ಕೂತು ಕಾಲು ಚಾಚಿ ಮೊಳಕಾಲು ತಿಕ್ಕಿಕೊಂಡ. ಕೆಲಸದ ಮಾತನ್ನು ನಾನೇ ಎತ್ತಬೇಕಾಯಿತು. ಸಾಹೇಬರು ಮೊದಲು ಕೇಳಿದ್ದು ಸೈಕಲ್ ಎಲ್ಲಿ ಎಂದಂತೆ. "ಕಾಲವಿ ಮ್ಯಾಲ ಐತ್ರಿ, ಅದರ ಕೆಲಸ ಅಲ್ಲೇ ಐತಲ್ರಿ ಅಂದೆ." ಒಡೆದದ್ದು ಕಂಡರೆ ಮುಂದಿನ ಕಲ್ಲಿನ ತನಕ ಹೋಗಿ ಇಳಿದು ಹಿಂದಕ್ಕೆ ನಡೆದು ಬರುತ್ತೇನೆ, ಇಷ್ಟು ವರ್ಷ ಇಡೀ ಕಾಲುವೆ ನಡೆದವನಿಗೆ ಅಷ್ಟು ನಡೆಯುವುದು ಭಾರವಲ್ಲ ಎಂದು ಹೇಳಿದನಂತೆ. ಸಾಹೇಬರು ಆಗಲಿ ಅಂದರಂತೆ.

"ಅಷ್ಟನ?"

"ಅಷ್ಟ. ಅವರಿಗೂ ಸಾಕಾಗಿತ್ತೋ ತಮ್ಮಾ. ಚಾದ ಕಪ್ಪು ಹಿಡಕೊಂಡು ಅಲ್ಲೇ ತೂಕಡಸಾಕ ಹತ್ತಿದ್ರು."

ಅತ್ತೆ ಸುದ್ದಿ ಕೇಳಿ ಒಲೆಯ ಮುಂದಿನಿಂದ ಏಳಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿ ಕೂತಳು. ಆ ಮೇಲೆ, ಹಂಚಿನ ಸಂದಿಯ ಸೋರಿಕೆಯನ್ನು ಇನ್ನು ಮುಚ್ಚಿಸಬಹುದಲ್ಲ ಅಂದಳು.

ಶಿವರಾತ್ರಿಗೆ ನಾನು ಗದಗಿಗೆ ಮರಳಿದೆ. ಸೈಕಲ್ ಮಾವನ ಹತ್ತಿರವೇ ಉಳಿಯಿತು. ಪರೀಕ್ಷೆ ಕಟ್ಟಿದೆ, ಬೆಟಗೇರಿಯ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತು. ವರ್ಷಕ್ಕೊಮ್ಮೆ ಹೋಗಿಬರುತ್ತೇನೆ ಎಂದುಕೊಂಡೇ ಆರು ಚಳಿಗಾಲ ಕಳೆದವು.

ಕಳೆದ ನವೆಂಬರಿನಲ್ಲಿ ಕನ್ನಡದ ನಾಡು ಒಂದಾದಾಗ ಶಾಲೆಗೆ ರಜೆ ಕೊಟ್ಟರು. ಊರೂರಿನಲ್ಲಿ ಬಾವುಟ, ಮೆರವಣಿಗೆ. ಮಕ್ಕಳನ್ನು ಸಾಲು ನಿಲ್ಲಿಸಿ ನಿಲ್ಲಿಸಿ ನನ್ನ ಗಂಟಲು ಬಿದ್ದುಹೋಗಿತ್ತು. ಸದ್ದಿಲ್ಲದ ಒಂದು ಜಾಗ ಬೇಕೆನ್ನಿಸಿ ಮಾವನ ಊರಿನ ಮೋಟಾರು ಹತ್ತಿದೆ. ಕಾಲುವೆ ಸಂಸ್ಥಾನದಿಂದ ಮುಂಬಯಿಗೆ, ಮುಂಬಯಿಯಿಂದ ಮೈಸೂರಿಗೆ ಬಂದಿತ್ತು, ನೀರು ಮಾತ್ರ ಅದೇ ಹನ್ನೊಂದು ತೂಬುಗಳಿಗೆ ಹೋಗುತ್ತಿತ್ತು. ಮಾವ ಸುತ್ತಿಗೆ ಹೋಗಿದ್ದಾನೆಂದು ಅತ್ತೆ ಹೇಳಿದಳು. ನಾನು ನಡೆಯುತ್ತ ಹೊರಟೆ.

ಆರನೆಯ ತೂಬು ದಾಟಿದ ಮೇಲೆ ಕಾಲು ಸೋತಿತು. ಅಲ್ಲಿ, ನನ್ನ ನೆನಪಿನಲ್ಲಿ ಏನೂ ಇರದಿದ್ದ ಜಾಗದಲ್ಲಿ, ಒಂದು ಕಲ್ಲು ನಿಂತಿತ್ತು. ಕಡೆದದ್ದಲ್ಲ. ಹೊಲದಿಂದ ಉರುಳಿಸಿ ತಂದು ನೆಟ್ಟ ಕಾಡುಗಲ್ಲು, ಮೊಳಕಾಲೆತ್ತರ, ನೆತ್ತಿ ಸವೆದು ನುಣ್ಣಗಾಗಿತ್ತು. ಹತ್ತಿರ ತೂಬಿರಲಿಲ್ಲ. ಎದುರಿಗೆ ಮಡುವಿನ ದಂಡೆಯ ಮೇಲೆ ಆ ವರ್ಷದ ಮೊದಲ ಹೆಬ್ಬಾತುಗಳು ಕತ್ತು ಮಡಿಸಿ ಬಿಸಿಲಿಗೆ ಕೂತಿದ್ದವು. ನಾನು ಕಲ್ಲಿನ ಮೇಲೆ ಕೂತೆ. ಎಣಿಸಬೇಕೆಂದು ಶುರುಮಾಡಿ ಬಿಟ್ಟೆ.

ಸ್ವಲ್ಪ ಹೊತ್ತಿಗೆ ದೂರದಲ್ಲಿ ಮಾವನ ತಲೆಯ ರುಮಾಲು ಕಂಡಿತು. ಅದೇ ಸೈಕಲ್, ಗಂಟೆಗೆ ಕಟ್ಟಿದ ಚೂರು ಕೂಡ ಹಾಗೇ ಇತ್ತು. ಮಾವನ ಮೀಸೆ ಪೂರಾ ಬೆಳ್ಳಗಾಗಿತ್ತು, ಬೆನ್ನು ಇನ್ನೂ ನೆಟ್ಟಗಿತ್ತು. ಅವನು ಹತ್ತಿರ ಬಂದಂತೆ ದಂಡೆಯ ಮೇಲಿನ ಹಕ್ಕಿಗಳು ಒಂದೊಂದಾಗಿ ಕತ್ತು ನೆಟ್ಟಗೆ ಮಾಡಿದವು. ನನ್ನನ್ನು ನೋಡಿ ಮಾವ ನಕ್ಕ. ಆಮೇಲೆ ನಾನು ಎಲ್ಲಿ ಕೂತಿದ್ದೇನೆ ಎಂಬುದನ್ನು ನೋಡಿದ.

"ಏಳೋ ಅಳ್ಯಾ, ಜಲ್ದಿ" ಅಂದ, ಹಕ್ಕಿಗೆ ಕೇಳಿಸದಷ್ಟು ಮೆಲ್ಲಗೆ.

ನಾನು ಎದ್ದೆ. ಮಾವ ಕಲ್ಲಿನ ಮೇಲೆ ಕಾಲಿಟ್ಟು ನಿಂತ.